ಮೂಗುರಾಯರ ಹಳದಿ ಪಟ್ಟಿ

ರಜೆ ಹಾಕಿ ದ್ವೀಪಕ್ಕೆ ಬಂದು, ಸಮುದ್ರದ ತಳ ನೋಡಿಯೇ ತೀರಬೇಕೆಂದು ನನ್ನ ಮೇಜಿನ ಮುಂದೆ ನಿಲ್ಲುವ ಜನ ಕೇಳುವ ಪ್ರಶ್ನೆಗಳನ್ನು ಬರೆದಿಟ್ಟಿದ್ದರೆ ಇಷ್ಟರಲ್ಲಿ ಒಂದು ದಪ್ಪ ಪುಸ್ತಕ ಆಗಿರುತ್ತಿತ್ತು. ಆಮೆ ಸಿಗುತ್ತದೆಯೇ? ಫೋಟೋ ತೆಗೆದು ಕೊಡುತ್ತೀರಾ? ಈ ರಬ್ಬರ್ ಉಡುಪಿನಲ್ಲಿ ಕಪ್ಪು ಬಿಟ್ಟು ಬೇರೆ ಬಣ್ಣ ಇಲ್ಲವೇ, ನಾನು ಇನ್ನೂ ದಪ್ಪ ಕಾಣುತ್ತೇನಲ್ಲ? ಕೆಳಗೆ ಹೋದ ಮೇಲೆ ಉಸಿರಾಡುವ ಗಾಳಿಯನ್ನು ಯಾರು ತುಂಬಿಸುತ್ತಾರೆ, ಎಲ್ಲಿ ತುಂಬಿಸುತ್ತಾರೆ ಎಂದು ಹದಿಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಹೋಟೆಲಿನಲ್ಲಿ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ಕೊಳೆ ಹುಡುಕುವವರೂ ಇವರೇ ತಾನೆ! ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರು ಹೇಳುತ್ತಾರೆ. ಬರದೆ ಏನು ಮಾಡುತ್ತದೆ?

ಆ ಗಾಳಿ ತುಂಬಿಸುತ್ತಿದ್ದವರು ನನ್ನ ಮಾವ, ಅಂದರೆ ಗಂಡನ ಅಪ್ಪ. ನಾನು ಡೈವಿಂಗ್ ಅಂಗಡಿಯ ಮುಂದಿನ ಕೋಣೆಯಲ್ಲಿ ಫಾರಂ ತುಂಬಿಸಿಕೊಳ್ಳುವವಳು. ನನ್ನ ಯಜಮಾನರು ಪ್ರವಾಸಿಗರನ್ನು ನೀರಿನ ಕೆಳಗೆ ಕರೆದುಕೊಂಡು ಹೋಗುವ ಗೈಡ್. ಮಾವ ಹಿಂದಿನ ಶೆಡ್ಡಿನಲ್ಲಿ, ಸಿಲಿಂಡರಿಗೆ ಗಾಳಿ ಒತ್ತಿ ತುಂಬುವ ಕಂಪ್ರೆಸರ್ ನೋಡಿಕೊಳ್ಳುವವರು. ಮನೆಯಲ್ಲಿ ಅತ್ತೆ. ಅಂಗಡಿಯ ಮಾಲೀಕರು ಆಚೆ ದಡದ ಪಟ್ಟಣದಲ್ಲಿರುತ್ತಾರೆ, ತಿಂಗಳಿಗೊಮ್ಮೆ ಬಂದು ಎಲ್ಲ ಸರಿಯಿದೆಯೇ ಎಂದು ಕೇಳಿ, ಸರಿಯಿದೆ ಎಂದರೆ ಅಷ್ಟಕ್ಕೇ ಸಮಾಧಾನಪಟ್ಟು ಹೋಗುತ್ತಾರೆ.

ಮಾವ ಮೊದಲು ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ಅಲ್ಲಿ ಪೈಪಿನಿಂದ ಗ್ಯಾಸ್ ಸೋರಿದರೆ ಇಡೀ ಫ್ಯಾಕ್ಟರಿಯಲ್ಲಿ ಮೊದಲು ತಲೆ ಎತ್ತುತ್ತಿದ್ದವರು ಅವರೇ. ಇಲ್ಲಿಗೆ ಬಂದ ಮೇಲೆ ಆ ಮೂಗೇ ಅವರಿಗೆ ಅನ್ನ ಹಾಕಿತು. ಸಿಲಿಂಡರನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ತುಂಬಿಸುವುದು, ಆಮೇಲೆ ವಾಲ್ವ್ ತುಸುವೇ ತಿರುಗಿಸಿ ಸುಸ್ ಎಂದು ಬಿಡುವುದು, ಕಣ್ಣು ಮುಚ್ಚಿ ಒಂದು ಉಸಿರು ಎಳೆಯುವುದು. ಸರಿ ಎನಿಸಿದರೆ ವಾಲ್ವಿನ ಬಾಯಿಗೆ ಹಳದಿ ಪಟ್ಟಿ ಅಂಟಿಸುವುದು. ಇಪ್ಪತ್ತಾರು ವರ್ಷ, ಪ್ರತಿಯೊಂದು ಸಿಲಿಂಡರಿಗೂ. ಡೀಸೆಲ್ ಹೊಗೆಯೋ ಕಂಪ್ರೆಸರಿನ ಎಣ್ಣೆಯೋ ಒಂದು ಚೂರು ಸೇರಿದ್ದರೂ ಪಟ್ಟಿ ಬೀಳುತ್ತಿರಲಿಲ್ಲ. ನಮ್ಮ ದೋಣಿಯ ಡ್ರೈವರ್ ಅವರಿಗೆ ಮೂಗುರಾಯರು ಎಂದು ಹೆಸರಿಟ್ಟ. ಆಮೇಲೆ ದ್ವೀಪದವರೆಲ್ಲ ಹಾಗೆಯೇ ಕರೆದರು.

ಆ ಮೂಗಿಗಾಗಿ ಅವರು ಪಟ್ಟ ಕಷ್ಟ ಸನ್ಯಾಸಿಗಳೂ ಪಟ್ಟಿರಲಾರರು. ಬೀಡಿ ಇಲ್ಲ, ನಶ್ಯ ಇಲ್ಲ, ಘಮಘಮ ಸೋಪಿಲ್ಲ, ಬೆಳಿಗ್ಗೆ ಕೆಲಸ ಮುಗಿಯುವವರೆಗೆ ಈರುಳ್ಳಿ ಮುಟ್ಟುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ತಲೆಗೆ ಪರಿಮಳದ ಎಣ್ಣೆ ಹಚ್ಚಿಕೊಂಡು ಶೆಡ್ಡಿಗೆ ಕಾಫಿ ಕೊಂಡೊಯ್ದಿದ್ದೆ. ಹತ್ತು ಮಾರು ದೂರದಿಂದಲೇ ಕೈ ಅಡ್ಡ ಹಿಡಿದರು. "ಅಲ್ಲೇ ನಿಲ್ಲಮ್ಮ ತಾಯಿ! ನೀನು ಬಂದ್ರೆ ಸಿಲಿಂಡರೆಲ್ಲ ಮದುವೆ ಮನೆ ಆಗಿಬಿಡುತ್ತೆ." ಆ ದಿನ ನನಗೆ ಅಳು ಬಂದಿತ್ತು, ಆಮೇಲೆ ನಾನೂ ಎಣ್ಣೆ ಬಿಟ್ಟೆ.

ಒಮ್ಮೆ ಹೊಸದಾಗಿ ಸೇರಿದ ಗೈಡ್ ಒಬ್ಬ ಹಳದಿ ಪಟ್ಟಿ ಕಿತ್ತು ತಾನೂ ಮೂಸಿ ನೋಡಿದ. ಅವನು ಮಾಡಿದ್ದು ಸರಿಯೇ. ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರೂ ತಮ್ಮ ಗಾಳಿ ತಾವೇ ಎರಡು ಉಸಿರು ಎಳೆದು ನೋಡಬೇಕು, ವಾಸನೆಯೋ ರುಚಿಯೋ ಇದ್ದರೆ ಬೇಡ ಎನ್ನಬೇಕು. ಇದು ಈ ಕೆಲಸ ಕಲಿಸುವಾಗ ಹೇಳಿಕೊಡುವ ಮೊದಲ ಪಾಠ. ಆದರೆ ಮಾವ ಎಂಟು ದಿನ ಅವನೊಡನೆ ಮಾತಾಡಲಿಲ್ಲ. "ನಾನು ಬಡಿಸಿದ ಅನ್ನದಲ್ಲಿ ನನ್ನೆದುರೇ ಕಲ್ಲು ಹುಡುಕ್ತಾನಲ್ಲ" ಎಂದು ಅತ್ತೆಯ ಹತ್ತಿರ ಹೇಳಿಕೊಂಡು ಸಂಕಟಪಟ್ಟರು. ಅಲ್ಲಿಂದ ಮುಂದೆ ಯಾರೂ ಅವರ ಪಟ್ಟಿ ಕಿತ್ತು ಮೂಸಲಿಲ್ಲ. ನನ್ನ ಯಜಮಾನರು ಪ್ರವಾಸಿಗರಿಗೆ ಹೇಳುವ ಪಾಠದಿಂದಲೂ ಆ ಒಂದು ಮಾತು ಬಿದ್ದುಹೋಯಿತು. ಜೆಟ್ಟಿಯ ಮೇಲೆ ಅಪ್ಪ ನಿಂತಿರುವಾಗ ಹಾಗೆ ಹೇಳುವುದು ಚೆನ್ನಾಗಿರುವುದಿಲ್ಲ ಎನ್ನುತ್ತಿದ್ದರು. ಎಂಥ ಮರ್ಯಾದೆ ನೋಡಿ, ಪ್ರಾಣಕ್ಕಿಂತ ದೊಡ್ಡದು!

ಹೋದ ಮಳೆಗಾಲದಲ್ಲಿ ಮಾವನಿಗೆ ಕೆಟ್ಟ ಜ್ವರ ಬಂತು. ಹನ್ನೊಂದು ದಿನ ಮಲಗಿದ್ದು ಎದ್ದರು. ಎದ್ದ ಮೇಲೆ ಒಂದೆರಡು ಹೊಸ ಅಭ್ಯಾಸ ಶುರುವಾದವು. ಗಾಳಿ ನೋಡುವಾಗ ಶೆಡ್ಡಿನ ಅರೆಬಾಗಿಲು ಹಾಕಿಕೊಳ್ಳುತ್ತಿದ್ದರು. ವಯಸ್ಸಾಯಿತು, ಏಕಾಂತ ಬೇಕೇನೋ ಎಂದುಕೊಂಡೆವು. ಅಡುಗೆಮನೆಯಲ್ಲಿ ಅವರಿಗೆ ಕೊಡುವ ಹಾಲನ್ನು ಅತ್ತೆ ಮೊದಲು ತಾವು ಮೂಸಿ ಕೊಡತೊಡಗಿದರು. ಒಂದು ದಿನ ಒಲೆಯ ಮೇಲೆ ಹಾಲು ತಳ ಹಿಡಿದು ಮನೆಯೆಲ್ಲ ಕಮಟು ತುಂಬಿತ್ತು. ಮಾವ ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು.

"ಮಾವ, ಮೂಗನ್ನ ಶೆಡ್ಡಲ್ಲೇ ಬಿಟ್ಟು ಬಂದ್ರಾ?" ಎಂದು ರೇಗಿದೆ.

"ಓದ್ತಾ ಮೈಮರೆತಿದ್ದೆ ಕಣಮ್ಮ" ಎಂದು ನಕ್ಕರು. ಅತ್ತೆ ನಗಲಿಲ್ಲ, ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿ ಹಿತ್ತಲಿಗೆ ಹೋದರು. ದಿನವೂ ಪರ ಊರಿನವರ ಸುಳ್ಳನ್ನು ಫಾರಂ ನೋಡಿಯೇ ಹಿಡಿಯುವ ನನಗೆ ಮನೆಯೊಳಗಿನದು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

ಈಗ ಆ ದಿನದ ವಿಷಯ. ಬೆಳಿಗ್ಗೆ ಐವರು ಬಂದಿದ್ದರು. ಹಲ್ಲಿನ ಡಾಕ್ಟರಮ್ಮ ಮತ್ತು ಆಕೆಯ ಗಂಡ, ಜೊತೆಗೆ ಮೂವರು ಗೆಳೆಯರ ಒಂದು ಗುಂಪು. ಗೆಳೆಯರಲ್ಲಿ ಒಬ್ಬನ ಮೂಗು ಕೆಂಪಗಾಗಿತ್ತು, ಕೈಯಲ್ಲಿ ಕರವಸ್ತ್ರ. ಫಾರಮ್ಮಿನಲ್ಲಿ ನೆಗಡಿ ಇದೆಯೇ ಎಂಬಲ್ಲಿ ಇಲ್ಲ ಎಂದು ಬರೆದಿದ್ದ.

"ಇದು ನೆಗಡಿ ಅಲ್ಲ ಮೇಡಂ, ಬರೀ ಅಲರ್ಜಿ."

"ಹೆಸರು ಏನಾದ್ರೂ ಇಟ್ಕೊಳ್ಳಿ, ನೀವು ಇಳಿಯೋ ಹಾಗಿಲ್ಲ. ಕಟ್ಟಿದ ಮೂಗಲ್ಲಿ ಕೆಳಗೆ ಹೋದ್ರೆ ಕಿವಿ ತಮಟೆ ಹರಿಯುತ್ತೆ. ಆಮೇಲೆ ಹೆಂಡ್ತಿ ಬೈಯೋದೂ ಕೇಳಲ್ಲ."

"ಅದಾದ್ರೆ ಒಳ್ಳೇದೇ ಅಲ್ವಾ?" ಎಂದು ಉಳಿದ ಇಬ್ಬರು ನಕ್ಕರು. ಅವನು ಮುಖ ಊದಿಸಿಕೊಂಡು ಬೆಂಚಿನ ಮೇಲೆ ಕೂತ. ನಾನು ಉಳಿದವರಿಗೆ ನನ್ನ ಮಾಮೂಲಿ ಪುರಾಣ ಬಿಚ್ಚಿದೆ. ರಾತ್ರಿ ಕುಡಿದವರು ಈಗಲೇ ಹೇಳಿ. ಹೊಟ್ಟೆ ಬಿರಿಯುವಷ್ಟು ತಿಂದು ದೋಣಿ ಹತ್ತಬೇಡಿ, ಖಾಲಿ ಹೊಟ್ಟೆಯಲ್ಲೂ ಹತ್ತಬೇಡಿ. ಮೇಲೆ ಬರುವಾಗ ನಿಮ್ಮ ಉಸಿರಿನ ಸಣ್ಣ ಗುಳ್ಳೆಗಿಂತ ನಿಧಾನವಾಗಿ ಬನ್ನಿ, ಏನೇ ಆದರೂ ಉಸಿರು ಕಟ್ಟಬೇಡಿ. ಕೊನೆಯ ಡೈವ್ ಆದ ಮೇಲೆ ಒಂದು ಇಡೀ ದಿನ ವಿಮಾನ ಹತ್ತಬೇಡಿ. ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡರು. ಕಾಯಿಲೆ ಮುಚ್ಚಿಡಬೇಡಿ, ನೀವು ಮುಚ್ಚಿಟ್ಟರೆ ಜೊತೆಯಲ್ಲಿರುವವರ ಪ್ರಾಣಕ್ಕೂ ಕುತ್ತು ಎಂದು ಕೊನೆಗೆ ಹೇಳಿದೆ. ಗೋಡೆಯ ಆ ಕಡೆ ಶೆಡ್ಡಿನಲ್ಲಿದ್ದ ಮಾವನಿಗೆ ಅದು ಕೇಳಿಸಿಯೇ ಇರಬೇಕು.

ಎಂಟು ಗಂಟೆಗೆ ದೋಣಿ ಹೊರಟಿತು. ಹನ್ನೆರಡು ಸಿಲಿಂಡರ್, ನಾಲ್ವರು ಪ್ರವಾಸಿಗರು, ನನ್ನ ಯಜಮಾನರು, ಡ್ರೈವರ್. ಗುಡ್ಡದ ಹಿಂದಿನ ಹವಳದ ದಿಬ್ಬಕ್ಕೆ ಮುಕ್ಕಾಲು ಗಂಟೆಯ ದಾರಿ.

ಎಂಟೂ ಇಪ್ಪತ್ತರ ಹೊತ್ತಿಗೆ ಹಿತ್ತಲಿಗೆ ಹೋದೆ. ಹಿಂದಿನ ದಿನ ತೊಳೆದು ಹಗ್ಗದ ಮೇಲೆ ಹಾಕಿದ್ದ ರಬ್ಬರ್ ಉಡುಪುಗಳನ್ನು ತೆಗೆಯಬೇಕಿತ್ತು. ಮೊದಲನೆಯದನ್ನು ತೋಳಿಗೆ ಹಾಕಿಕೊಂಡೆ, ಡೀಸೆಲ್ ಹೊಗೆಯ ನಾತ ಗಪ್ಪೆಂದು ಹೊಡೆಯಿತು. ತಲೆ ಎತ್ತಿ ನೋಡಿದೆ. ಪಕ್ಕದ ಲಾಡ್ಜಿನವರು ಮೇಲಂತಸ್ತು ಕಟ್ಟಿಸುತ್ತಿದ್ದರು. ಗೋಡೆಯಾಚೆ, ನಮ್ಮ ಗೋಡೆಗೆ ಅಂಟಿಸಿಯೇ, ಕಾಂಕ್ರೀಟ್ ಕಲಸುವ ಯಂತ್ರ ತಂದಿಟ್ಟಿದ್ದರು. ಅದರ ಹೊಗೆ ಕಪ್ಪಗೆ ಮೇಲೆದ್ದು ನೇರ ನಮ್ಮ ಕಂಬಕ್ಕೆ ಬಡಿಯುತ್ತಿತ್ತು. ಆ ಕಂಬದ ತುದಿಯಲ್ಲೇ ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಇರುವುದು.

"ಯಾವಾಗಿಂದ ಓಡ್ತಿದೆಯಪ್ಪ ಇದು?" ಎಂದು ಗೋಡೆಯ ಮೇಲಿಂದ ಕೂಗಿದೆ.

"ಆರು ಗಂಟೆಯಿಂದ ಅಕ್ಕ" ಎಂದ ಮೇಸ್ತ್ರಿ.

ಮಾವ ಐದೂವರೆಯಿಂದ ಏಳರವರೆಗೆ ತುಂಬಿಸಿದ್ದರು. ಕಂಪ್ರೆಸರಿನ ಗದ್ದಲಕ್ಕೆ ಕಿವಿಗೆ ಮುಚ್ಚಳ ಹಾಕಿಕೊಳ್ಳುವುದರಿಂದ ಆಚೆಯ ಸದ್ದು ಕೇಳಿಸಿರಲಾರದು. ಆದರೆ ಮೂಗಿದೆಯಲ್ಲ! ಅವರು ಶೆಡ್ಡಿನ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಹೊಗೆ ಅವರ ತಲೆಯ ಮೇಲೆಯೇ ಹಾಯುತ್ತಿತ್ತು.

"ಮಾವ, ಈ ಹೊಗೆ ವಾಸನೆ ಬರ್ಲಿಲ್ವಾ ನಿಮಗೆ?"

ಅವರು ಮುಖ ಎತ್ತಿದರು. ಎಂದಿನಂತೆ ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದರು. "ಯಾವ ವಾಸನೆ? ಏನೂ ಇಲ್ವಲ್ಲ" ಎಂದರು.

ನೆಗಡಿಯವನು ನನ್ನ ಹಿಂದೆಯೇ ಬಂದಿದ್ದ. "ಏನ್ ಮೇಡಂ ಇದು, ನನ್ನ ಮೂಗು ಪೂರಾ ಕಟ್ಟಿದೆ, ಆದ್ರೂ ಗಂಟಲು ಉರೀತಿದೆ" ಎಂದು ಕೆಮ್ಮಿದ.

ಮಾವ ಅವನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಗೋಡೆಯ ಮೇಲಿನ ಹೊಗೆಯನ್ನು ನೋಡಿದರು. ಲೋಟದ ಟೀ ಪಂಚೆಯ ಮೇಲೆ ಚೆಲ್ಲಿದ್ದು ಅವರಿಗೆ ಗೊತ್ತಾಗಲಿಲ್ಲ.

"ಎಷ್ಟು ದಿನ ಆಯ್ತು?" ಎಂದೆ.

"ಜ್ವರ ಬಂದಿತ್ತಲ್ಲ. ಅವತ್ತಿಂದ."

ಎಂಟು ತಿಂಗಳು. ಎಂಟು ತಿಂಗಳಿಂದ ಬರಿದೇ ಕಣ್ಣು ಮುಚ್ಚಿ ನಾಟಕ! ಬಾಯಿಗೆ ಬಂದದ್ದೆಲ್ಲ ಬೈದೆ. ಮಾವ ಎನ್ನುವುದನ್ನೂ ನೋಡಲಿಲ್ಲ. "ನಿಮ್ಮ ಮಗ ಹೋಗಿದಾರ್ರೀ ಅದನ್ನ ಬೆನ್ನಿಗೆ ಹಾಕ್ಕೊಂಡು!" ಎಂದು ಕಿರುಚಿದ್ದಷ್ಟೇ ಈಗ ನೆನಪಿದೆ.

ಓಡಿಹೋಗಿ ವಾಕಿಟಾಕಿ ಹಿಡಿದೆ. ಬರೀ ಕರಕರ. ದೋಣಿ ಗುಡ್ಡ ದಾಟಿದರೆ ಅಷ್ಟೇ ಕಥೆ, ಮೊಬೈಲಂತೂ ಅಲ್ಲಿ ಸಿಗುವುದೇ ಇಲ್ಲ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅವರು ನೀರಿಗಿಳಿಯುತ್ತಾರೆ. ನನ್ನ ಯಜಮಾನರು ಸಮಯದ ವಿಷಯದಲ್ಲಿ ಗಡಿಯಾರವೇ. ನೆಗಡಿಯವನ ಕೈಗೆ ವಾಕಿಟಾಕಿ ಕೊಟ್ಟು ಕರೆಯುತ್ತಲೇ ಇರಿ ಎಂದೆ. ಅಂಗಡಿಯ ಆಮ್ಲಜನಕದ ಪೆಟ್ಟಿಗೆ ಹೆಗಲಿಗೆ ಏರಿಸಿಕೊಂಡು ಜೆಟ್ಟಿಗೆ ಓಡಿದೆ. ಮಾವ ಬರಿಗಾಲಿನಲ್ಲಿ ಹಿಂದೆಯೇ ಬಂದರು. ಪಕ್ಕದ ಮನೆಯ ಮೀನುಗಾರ, ನಾವು ಬಲೆಯಣ್ಣ ಎಂದು ಕರೆಯುವವನು, ಆಗತಾನೆ ದೋಣಿ ಕಟ್ಟುತ್ತಿದ್ದ. ವಿಷಯ ಕೇಳಿ ಕಟ್ಟಿದ ಹಗ್ಗ ಬಿಚ್ಚಿದ.

ಅವನ ದೋಣಿ ಸಣ್ಣದು, ವೇಗದ್ದು. ಆದರೂ ಆ ದಾರಿ ಮುಗಿಯಲೇ ಇಲ್ಲ. ಮಾವ ದೋಣಿಯ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಇಪ್ಪತ್ತಾರು ವರ್ಷ ಊರಿಗೆಲ್ಲ ಗಾಳಿ ತುಂಬಿಸಿದವರು ಒಂದು ದಿನವೂ ನೀರಿನ ಕೆಳಗೆ ಹೋದವರಲ್ಲ, ಈಜೂ ಬಾರದು.

"ಎಲ್ಲಾ ಕೆಟ್ಟಿರಲ್ಲಮ್ಮ" ಎಂದರು ನನ್ನ ಮುಖ ನೋಡದೆ. "ನಿನ್ನೆ ಸಂಜೆ ಐದು ತುಂಬಿಸಿದ್ದೆ. ಇವತ್ತು ಬೆಳಿಗ್ಗೆ ಏಳು. ಬೆಳಗಿನವು ಮೊದಲ ಎರಡು ಮೂರು ಸರಿಯಿರಬೇಕು."

"ಯಾವುವು ಯಾವುವು ಅಂತ ಗೊತ್ತಾ?"

"ಎಲ್ಲಕ್ಕೂ ಪಟ್ಟಿ ಒಂದೇ."

ಕೊನೆಗೆ ತುಂಬಿಸಿದ್ದು ದೋಣಿಗೆ ಕೊನೆಗೆ ಏರುತ್ತದೆ, ಕೈಗೆ ಮೊದಲು ಸಿಗುತ್ತದೆ. ಕೈಗೆ ಮೊದಲು ಸಿಕ್ಕದ್ದನ್ನು ನನ್ನ ಯಜಮಾನರು ತಾವು ಕಟ್ಟಿಕೊಂಡು ನಿಲ್ಲುತ್ತಾರೆ. ಆಮೇಲೆ ಬೇರೆಯವರಿಗೆ ಕಟ್ಟಲು ಕೈ ಬಿಡುವಾಗಿರಬೇಕಲ್ಲ! ಇದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ಅಂಗಿಯ ಜೇಬಿನಿಂದ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಡಬ್ಬಿ ತೆಗೆದರು. ಕೆಟ್ಟ ಗಾಳಿ ಇದ್ದರೆ ಅಂಕಿ ತೋರಿಸುವ ಮೀಟರ್. ವರ್ಷಗಳ ಹಿಂದೆ ಮಾಲೀಕರು ತಂದುಕೊಟ್ಟಿದ್ದು, ಮೂಗಿದ್ದ ಮನೆಗೆ ಇದೇಕೆ ಎಂದು ನಾವೆಲ್ಲ ನಕ್ಕು ಮೊಳೆಗೆ ನೇತುಹಾಕಿದ್ದು.

"ಸುಮ್ಸುಮ್ನೆ ಪಟ್ಟಿ ಹಾಕ್ತಿರ್ಲಿಲ್ಲ ಕಣಮ್ಮ. ಅಷ್ಟು ಪಾಪಿ ಅಲ್ಲ ನಾನು. ಬಾಗಿಲು ಹಾಕ್ಕೊಂಡು ಪ್ರತಿಯೊಂದಕ್ಕೂ ಇದನ್ನ ಹಿಡೀತಿದ್ದೆ. ಸೊನ್ನೆ ತೋರಿಸ್ತು. ಇವತ್ತೂ ಸೊನ್ನೆ."

ಡಬ್ಬಿ ಕಿತ್ತುಕೊಂಡು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಒಳಗಿನ ಮದ್ದಿನ ಆಯುಸ್ಸು ಮುಗಿದು ಎರಡು ವರ್ಷ ದಾಟಿತ್ತು. ಬಲೆಯಣ್ಣನ ಇಂಜಿನ್ ಬಿಡುತ್ತಿದ್ದ ಹೊಗೆಗೆ ಹಿಡಿದೆ. ಸೊನ್ನೆ. ಅವರ ಕಣ್ಣೆದುರಿಗೇ ಹಿಡಿದೆ. ಮಾವ ಕೈಯಿಂದ ಮುಖ ಮುಚ್ಚಿಕೊಂಡರು.

ಬಲೆಯಣ್ಣ ಎಲ್ಲ ಕೇಳಿಸಿಕೊಂಡಿದ್ದ. "ರಾಯ್ರೇ, ಮೂಗಿನ ಮಾತು ನಮ್ಮ ಮೂವರಲ್ಲೇ ಇರ್ಲಿ. ಪಕ್ಕದವರ ಮಿಷಿನ್ ತಪ್ಪು ಅಂದ್ಬಿಡಿ. ಸುಳ್ಳೇನಲ್ವಲ್ಲ" ಎಂದ. ನಿಜ ಹೇಳುತ್ತೇನೆ, ನನಗೂ ಒಂದು ಗಳಿಗೆ ಅದೇ ಸರಿ ಎನಿಸಿತು. ಈ ಕೆಲಸ ಹೋದರೆ ಮೂರು ಜನರ ಕೆಲಸವೂ ಹೋಗುತ್ತದೆ, ಮನೆ ಕೂಡ ಅಂಗಡಿಯದ್ದೇ. ಬೇಡ ಎಂದು ನಾನು ಹೇಳಲಿಲ್ಲ.

ನಮ್ಮ ದೋಣಿ ಕಂಡಾಗ ಒಂಬತ್ತೂ ಹತ್ತು. ಮೇಲೆ ಡ್ರೈವರ್ ಒಬ್ಬನೇ, ಕಾಲು ಚಾಚಿ ಕೂತಿದ್ದ.

"ಇಳಿದು ಎಷ್ಟೊತ್ತಾಯ್ತೋ?"

"ಕಾಲು ಗಂಟೆ ಆಯ್ತು. ಯಾಕಕ್ಕ, ಏನಾಯ್ತು?"

ಹೊಗೆ ಬೆರೆತ ಗಾಳಿ ನೆಲದ ಮೇಲೆ ತಲೆನೋವು ತರುತ್ತದೆ. ನೀರಿನ ಕೆಳಗೆ, ಆ ಭಾರದಲ್ಲಿ, ಅದೇ ಗಾಳಿ ಹಲವು ಪಟ್ಟು ವಿಷ. ಮಂಪರು ಬರುತ್ತದೆ, ಬುದ್ಧಿ ಮಂಕಾಗುತ್ತದೆ, ಮಂಕಾಗಿದ್ದೂ ತಿಳಿಯುವುದಿಲ್ಲ. ಕೆಳಗಿರುವವರನ್ನು ವಾಪಸು ಕರೆಯಲು ನಮ್ಮಲ್ಲಿ ಒಂದೇ ದಾರಿ. ಕಬ್ಬಿಣದ ಏಣಿಯ ನೀರೊಳಗಿನ ಮೆಟ್ಟಿಲಿಗೆ ಮೂರು ಸಲ ಬಡಿದು ನಿಲ್ಲಿಸಬೇಕು, ಮತ್ತೆ ಮೂರು. ನಾನು ಹೇಳುವ ಮೊದಲೇ ಮಾವ ದೋಣಿಯಿಂದ ದೋಣಿಗೆ ದಾಟಿ, ಅಂಗಾತ ಬೀಳುವುದು ಸ್ವಲ್ಪದರಲ್ಲಿ ತಪ್ಪಿ, ಹೊಟ್ಟೆಯ ಮೇಲೆ ಮಲಗಿ, ಸೊಂಟದಲ್ಲಿದ್ದ ಸ್ಪ್ಯಾನರ್ ತೆಗೆದು ನೀರೊಳಗೆ ಕೈ ಹಾಕಿ ಬಡಿಯತೊಡಗಿದರು. ಠಣ್ ಠಣ್ ಠಣ್. ಅಲೆ ಮುಖಕ್ಕೆ ರಾಚುತ್ತಿತ್ತು, ಗಟಗಟ ಉಪ್ಪುನೀರು ಕುಡಿಯುತ್ತಲೇ ಬಡಿದರು.

ಗುಳ್ಳೆಗಳು ದೂರದಲ್ಲಿದ್ದವು. ನಿಂತವು. ತಿರುಗಿದವು. ನಿಧಾನವಾಗಿ ಲಂಗರಿನ ಹಗ್ಗದ ಕಡೆಗೆ ಬಂದವು. ನನ್ನ ಯಜಮಾನರು ಕಾಲಿಗೆ ತೊಡುವ ಉದ್ದನೆಯ ಹಳದಿ ರಬ್ಬರ್ ರೆಕ್ಕೆ ಕಂಡಾಗ ಜೀವ ಬಂದಂತಾಯಿತು. ಆದರೆ ಐದು ಮೀಟರ್ ಆಳದಲ್ಲಿ ಎಲ್ಲರೂ ನಿಂತುಬಿಟ್ಟರು. ಮೇಲೆ ಬರುವ ಮುನ್ನ ಅಲ್ಲಿ ಮೂರು ನಿಮಿಷ ನಿಲ್ಲುವುದು ಒಳ್ಳೆಯ ಅಭ್ಯಾಸ. ಇವರೇ ಸಾವಿರ ಜನಕ್ಕೆ ಕಲಿಸಿದ್ದು. ಇವತ್ತಿನ ಮಟ್ಟಿಗೆ ಆ ಮೂರು ನಿಮಿಷವೂ ಅದೇ ಗಾಳಿ ಕುಡಿಯುವುದೇ ಆಯಿತಲ್ಲ!

"ಬಾರೋ, ಮೇಲೆ ಬಾರೋ" ಎಂದು ಮಾವ ನೀರಿಗೆ ಮುಖ ಇಟ್ಟು ಕೂಗುತ್ತಿದ್ದರು. ಬಡಿಯುವುದು ನಿಲ್ಲಿಸಲಿಲ್ಲ.

ಡಾಕ್ಟರಮ್ಮ ಮೇಲೆ ಬಂದರು. ಆಕೆಯ ಗಂಡ ಬಂದರು. ಗೆಳೆಯರಲ್ಲಿ ಒಬ್ಬ ಬಂದ, ಆರಾಮಾಗಿದ್ದ. ಇನ್ನೊಬ್ಬ ಬಂದವನೇ ಏಣಿ ಹಿಡಿದು ವಾಂತಿ ಮಾಡಿಕೊಂಡ, ತಲೆ ಸಿಡಿಯುತ್ತಿದೆ ಎಂದ. ನಾಲ್ಕು ಆಯಿತು. ಐದನೆಯದು ಬರಲಿಲ್ಲ.

ಬಗ್ಗಿ ನೋಡಿದೆ. ಯಜಮಾನರು ಹಗ್ಗಕ್ಕೆ ಒಂದು ಕೈ ಸುತ್ತಿಕೊಂಡು ಅಲ್ಲೇ ತೂಗುತ್ತಿದ್ದರು. ತಲೆ ಎದೆಗೆ ಬಾಗಿತ್ತು. ಎಲ್ಲರನ್ನೂ ಮೇಲೆ ಕಳಿಸಿ ತಾವು ಬರುವುದನ್ನು ಮರೆತವರ ಹಾಗೆ. ಗುಳ್ಳೆ ಬರುತ್ತಿತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು.

ಉಟ್ಟ ಬಟ್ಟೆಯಲ್ಲೇ ಹಾರಿದೆ. ಹಗ್ಗ ಹಿಡಿದು ಜಗ್ಗಿಕೊಂಡು ಇಳಿದೆ. ಐದು ಮೀಟರ್ ದೊಡ್ಡದೇನಲ್ಲ, ಹುಡುಗಿಯಾಗಿದ್ದಾಗ ಇದರ ಎರಡರಷ್ಟು ಇಳಿದವಳು. ಆದರೆ ಅವತ್ತು ಎದೆ ಬಡಿತಕ್ಕೆ ಉಸಿರೆಲ್ಲ ದಾರಿಯಲ್ಲೇ ಮುಗಿದಿತ್ತು. ಭುಜ ಹಿಡಿದು ಅಲುಗಿಸಿದೆ. ಮಾಸ್ಕಿನೊಳಗೆ ಕಣ್ಣು ತೆರೆದೇ ಇತ್ತು, ನನ್ನನ್ನು ನೋಡಿತು, ಗುರುತು ಹಿಡಿಯಲಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಗಂಡ ಹಾಗೆ ನೋಡಿದರೆ ಹೇಗಿರುತ್ತದೆ ಎಂದು ಹೇಳಲು ನನಗೆ ಬರುವುದಿಲ್ಲ. ಬಾಯಿಯ ಕೊಳವೆ ಬೀಳದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಹಗ್ಗದಿಂದ ಕೈ ಬಿಡಿಸಿ, ಕಾಲು ಝಾಡಿಸಿ ಮೇಲೆ ಬಂದೆ.

ಬಲೆಯಣ್ಣನೂ ಡ್ರೈವರೂ ಎಳೆದುಕೊಂಡರು. ನಾನು ತಂದದ್ದೊಂದು, ನಮ್ಮ ದೋಣಿಯಲ್ಲಿದ್ದದ್ದೊಂದು, ಎರಡು ಆಮ್ಲಜನಕದ ಪೆಟ್ಟಿಗೆ. ಡಾಕ್ಟರಮ್ಮ ಒಂದನ್ನು ನನ್ನ ಯಜಮಾನರ ಮುಖಕ್ಕೆ, ಇನ್ನೊಂದನ್ನು ವಾಂತಿ ಮಾಡಿದವನಿಗೆ ಹಾಕಿದರು. "ನಾನು ಹಲ್ಲಿನ ಡಾಕ್ಟ್ರು ಅಂತ ಹೆದರ್ಬೇಡಿ, ಇಷ್ಟು ಬರುತ್ತೆ" ಎಂದರು. ನಾಲ್ಕೈದು ನಿಮಿಷ ಕಳೆದ ಮೇಲೆ ಯಜಮಾನರು ನನ್ನ ಸೀರೆಯ ತುದಿ ಹಿಡಿದು "ಯಾಕೆ ಒದ್ದೆ ಆಗಿದ್ದೀಯ?" ಎಂದರು. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಆಗ ಡಾಕ್ಟರಮ್ಮನ ಗಂಡ ಎದ್ದು ನಿಂತರು. ಅಷ್ಟು ಹೊತ್ತೂ ಮೆತ್ತಗಿದ್ದ ಮನುಷ್ಯ. "ಏನಿತ್ತು ಆ ಸಿಲಿಂಡರಲ್ಲಿ? ಯಾರು ತುಂಬಿಸಿದ್ದು?"

"ಪಕ್ಕದ ಲಾಡ್ಜಲ್ಲಿ ಒಂದು ಮಿಷಿನ್..." ಎಂದು ಬಲೆಯಣ್ಣ ಶುರುಮಾಡಿದ.

"ಸುಮ್ನಿರಪ್ಪ" ಎಂದರು ಮಾವ. ಏಣಿಯ ಹತ್ತಿರ ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಸ್ಪ್ಯಾನರ್ ಹಿಡಿದ ಕೈಯ ಗೆಣ್ಣುಗಳಿಂದ ರಕ್ತ ಬರುತ್ತಿತ್ತು. "ತುಂಬಿಸಿದ್ದು ನಾನು. ಮಿಷಿನ್ ಹೊಗೆ ಸೇರಿದೆ. ಸೇರಿದ್ದು ನನಗೆ ಗೊತ್ತಾಗ್ಲಿಲ್ಲ. ನನಗೆ ಎಂಟು ತಿಂಗಳಿಂದ ವಾಸನೆ ಬರಲ್ಲ. ಯಾರಿಗೂ ಹೇಳಿರ್ಲಿಲ್ಲ."

"ಕೊಲ್ತಿದ್ರಲ್ರೀ ನಮ್ಮನ್ನ!"

"ಹೌದು ಸ್ವಾಮಿ" ಎಂದರು. ಅಷ್ಟೇ. ಕೈ ಮುಗಿಯಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಕೇಳಿ ಸುಲಭ ಮಾಡಿಕೊಳ್ಳುವ ಮನುಷ್ಯ ಅಲ್ಲ. ಆಮ್ಲಜನಕದ ಮುಸುಕಿನೊಳಗಿಂದ ಯಜಮಾನರು ಅಪ್ಪನನ್ನೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇನ್ನು ಐದು ನಿಮಿಷ ತಡವಾಗಿದ್ದರೆ ತಾವು ಹೇಳುವ ಮಾತು ಬೇರೆಯಿರುತ್ತಿತ್ತು ಎಂದು ಡ್ಯೂಟಿ ಡಾಕ್ಟರ್ ನನಗೆ ಮಾತ್ರ ಹೇಳಿದರು. ಮಾವ ಮಧ್ಯಾಹ್ನವೇ ಮಾಲೀಕರಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿ, ಶೆಡ್ಡಿನ ಬೀಗದ ಕೈಯನ್ನು ನನ್ನ ಕೈಗಿಟ್ಟಿದ್ದರು. ಅತ್ತೆ ಫ್ಲಾಸ್ಕಿನಲ್ಲಿ ಗಂಜಿ ತಂದರು. ವರಾಂಡದಲ್ಲೇ ಅಡ್ಡಗಟ್ಟಿದೆ.

"ನಿಮಗೆ ಗೊತ್ತಿತ್ತಲ್ವಾ ಅತ್ತೆ?"

"ಗೊತ್ತಿತ್ತು ಕಣೇ." ತಲೆ ಎತ್ತಲಿಲ್ಲ. "ಮೂಗು ಹೋಯ್ತು ಅಂದ್ರೆ ಅವರಿಗೆ ಇನ್ನೇನು ಉಳೀತು ಹೇಳು. ಮನುಷ್ಯನ್ನ ಉಳಿಸ್ಕೊಳ್ಳೋಣ ಅಂದ್ಕೊಂಡೆ. ಮಗನ ತಲೆ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ." ಹೊಳೆಯದೆ ಹೇಗಿರುತ್ತದೆ ಎಂದು ಕೇಳಲು ಹೋದೆ. ಹಾಲು ತಳ ಹಿಡಿದ ದಿನ ನನಗೆ ಹೊಳೆದಿತ್ತೇ? ಫ್ಲಾಸ್ಕು ಇಸಿದುಕೊಂಡು ಒಳಗೆ ನಡೆದೆ.

ಮಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಬೆಳಗಿನಿಂದ ಅಪ್ಪ ಮಗ ಒಂದು ಮಾತೂ ಆಡಿರಲಿಲ್ಲ. ನರ್ಸ್ ಮುಸುಕು ತೆಗೆದು ಹೋದ ಮೇಲೆ ಯಜಮಾನರು ಸೂರು ನೋಡುತ್ತಾ ಬಾಯಿಬಿಟ್ಟರು.

"ಅಪ್ಪ, ನನಗೆ ಮೊದಲ್ನೇ ಉಸಿರಿಗೇ ವಾಸನೆ ಬಂತು."

ಮಾವ ತಲೆ ಎತ್ತಿ ಮಗನ ಮುಖ ನೋಡಿದರು.

"ದೋಣಿ ಮೇಲಿದ್ದಾಗ್ಲೇ. ಎಣ್ಣೆ ಸುಟ್ಟ ವಾಸನೆ, ಚೆನ್ನಾಗಿ ಗೊತ್ತಾಯ್ತು. ಆಗಷ್ಟೇ ನಿಮ್ಮ ಪಟ್ಟಿ ಕಿತ್ತಿದ್ದೆ, ಇನ್ನೂ ಬೆರಳಿಗೇ ಅಂಟ್ಕೊಂಡಿತ್ತು. ಅಪ್ಪ ನೋಡಿ ಕಳಿಸಿದಾರೆ, ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡು ಹಾರಿದೆ."

ನಾನು ಗಂಜಿಯ ಫ್ಲಾಸ್ಕನ್ನು ಕೆಳಗಿಟ್ಟೆ. ಮಾವ ಮುಂದಕ್ಕೆ ಬಾಗಿ ಮಗನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಂಬಬೇಡ ಕಣೋ. ಇನ್ಮೇಲೆ ನನ್ನ ನಂಬಬೇಡ."

"ಮೂವತ್ತೆಂಟು ವರ್ಷದಿಂದ ಅದನ್ನೊಂದೇ ಅಲ್ವೇನಪ್ಪ ನಾನು ಮಾಡಿರೋದು" ಎಂದರು ಯಜಮಾನರು. "ಈಗ ಬಿಡು ಅಂದ್ರೆ ಹೇಗೆ ಬಿಡೋದು, ಅದನ್ನಾದ್ರೂ ಹೇಳಿಕೊಡಿ."

ಮಾವ ಮಗನ ಕೈಗೆ ಹಣೆ ಹಚ್ಚಿ ಅಳುತ್ತಾ ಕೂತರು. ಬಾಗಿಲಲ್ಲಿ ಅತ್ತೆ ನಿಂತಿದ್ದರು, ಒಳಗೆ ಬರಲಿಲ್ಲ.